ಪುಸ್ತಕದ ವಯಸ್ಸು, ಮುಖದ ವಯಸ್ಸು

“ತಂಗೀ, ಅರ್ಧಾನೋ, ಪೂರ್ತಿನೋ?”

1991ರ ಜುಲೈ ತಿಂಗಳ ಒಂದು ಮುಂಜಾನೆ ಸವಡಿಯಿಂದ ರೋಣಕ್ಕೆ ಹೊರಟ ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು ಹೀಗೆ ಕೇಳಿದಾಗ ನನ್ನ ಮದುವೆಯಾಗಿ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಕೈತುಂಬ ಹಸಿರು ಬಳೆ, ಮೈಮೇಲೆ ಹೊಸ ಸೀರೆ, ಎದೆಗೆ ಅವಚಿಕೊಂಡ ಎರಡು ನೋಟುಬುಕ್ಕು. ತಾಳಿ ಸೆರಗಿನ ಒಳಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಒಬ್ಬ ಮುದುಕಿ ದನಿ ಎತ್ತಿದಳು: “ಏ ತಮ್ಮಾ, ಆಕಿ ನಮ್ಮೂರ ಸೊಸಿ ಅದಾಳ. ಪೂರ್ತಿ ಕೊಡು!” ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರನೂ ನಕ್ಕ. ನಾನೂ ನಕ್ಕೆ. ಆದರೆ ರೋಣ ಬರುವವರೆಗೆ ಕಿಟಕಿಯ ಹೊರಗಿನ ಎರೆಹೊಲವನ್ನು ಬಿಟ್ಟು ಬೇರೆ ಕಡೆ ತಿರುಗಿ ನೋಡಲಿಲ್ಲ.

ಆಗ ನಮ್ಮ ರೋಣ ತಾಲೂಕು ಧಾರವಾಡ ಜಿಲ್ಲೆಯಲ್ಲಿತ್ತು; ಗದಗ ಜಿಲ್ಲೆ ಆದದ್ದು 1997ರಲ್ಲಿ. ನನ್ನ ತವರು ನರೇಗಲ್ಲ ಕಡೆಯ ಒಂದು ಹಳ್ಳಿ. ಪಿಯುಸಿ ಪಾಸಾದ ಬೇಸಿಗೆಯಲ್ಲೇ ಸವಡಿಯಿಂದ ಕನ್ಯೆ ನೋಡಲು ಬಂದರು. “ಕಲಿಯೂದು ಬಿಡಸೂದಿಲ್ಲ” ಎಂದು ಅವರು ಒಪ್ಪಿದರು, “ಹಂಗಾದ್ರ ಆತು” ಎಂದು ನಮ್ಮಪ್ಪ ಒಪ್ಪಿದ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ. ಬಿ.ಎ. ಮೊದಲನೆಯ ವರ್ಷಕ್ಕೆ ನನ್ನ ಹೆಸರು ಹಚ್ಚಿದವರು ನನ್ನ ಯಜಮಾನರು. ಅರ್ಜಿಯಲ್ಲಿ ತಂದೆ ಅಥವಾ ಗಂಡನ ಹೆಸರು ಎಂಬ ಜಾಗದಲ್ಲಿ ಅವರು ತಮ್ಮ ಹೆಸರು ಬರೆದಾಗ ಗುಮಾಸ್ತ ಎರಡು ಸಲ ಕತ್ತೆತ್ತಿ ನೋಡಿದ. “ನೀವು ಅಣ್ಣ ಏನ್ರೀ?” ಎಂದ.

ನಾನು ಸಣ್ಣ ಆಳು. ಎತ್ತರ ಐದು ಅಡಿಗೂ ಕಡಿಮೆ, ದುಂಡು ಮುಖ. ಹದಿನೆಂಟಕ್ಕೆ ಹದಿಮೂರರ ಹುಡುಗಿಯಂತೆ ಕಾಣುತ್ತಿದ್ದೆ. ಮದುವೆಗೆ ಮೊದಲು ಇದೊಂದು ವಿಷಯವೇ ಆಗಿರಲಿಲ್ಲ. ಮದುವೆಯಾದ ಮೇಲೆ ನನ್ನ ಮುಖ ಊರಿಗೆಲ್ಲ ಮಾತಿನ ವಸ್ತುವಾಯಿತು. ನೀರಿಗೆ ಹೋದರೆ “ಎಂಥಾ ಹಸುಗೂಸು ತಂದಾರ ನೋಡ್ರಿ” ಎನ್ನುವರು. ಕಾಲೇಜಿನಲ್ಲಿ ಹುಡುಗಿಯರು ಲಂಗ ದಾವಣಿ, ಚೂಡಿದಾರ ಹಾಕಿಕೊಂಡು ಬರುತ್ತಿದ್ದರು, ಸೀರೆಯವಳು ನಾನೊಬ್ಬಳೇ. ನೋಡಲು ಅವರ ತಂಗಿ, ಉಟ್ಟಿದ್ದು ಅವರ ಅವ್ವನ ಹಾಗೆ. ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಿದಾಗ ಅವರೆಲ್ಲ ನನ್ನನ್ನು ಸುತ್ತುಗಟ್ಟಿ, ಮದುವೆಯಾದವಳಿಗೆ ಮಾತ್ರ ಕೇಳಬಹುದಾದ ಪ್ರಶ್ನೆಗಳನ್ನು ಪಿಸುದನಿಯಲ್ಲಿ ಕೇಳುವರು. ಗಂಟೆ ಬಾರಿಸಿ ಪಾಠ ಶುರುವಾದರೆ ನಾನು ಅವರಿಗಿಂತ ಸಣ್ಣವಳು. ಸಂಜೆ ಬಸ್ಸಿಳಿದು ಮನೆಯ ಹೊಸ್ತಿಲು ದಾಟಿದರೆ ನನಗಿಂತ ಎರಡು ವರ್ಷ ದೊಡ್ಡವನಾದ ಮೈದುನನಿಗೆ ವೈನಿ.

ದಿನಚರಿ ಹೇಳುವುದಾದರೆ, ನಸುಕಿನ ನಾಲ್ಕೂವರೆಗೆ ಏಳುವುದು. ಕಸ, ನೀರು, ಒಲೆ. ಹದಿನೈದು ಇಪ್ಪತ್ತು ಜೋಳದ ರೊಟ್ಟಿ ಬಡಿಯುವುದು. ಹೊಲಕ್ಕೆ ಬುತ್ತಿ ಕಟ್ಟಿ ಕೊಟ್ಟು, ಕೈಯ ಹಿಟ್ಟು ತೊಳೆದುಕೊಂಡು ಬಸ್ಸಿಗೆ ಓಡುವುದು. ಕಡಲೆ ಕೀಳುವ ಕಾಲಕ್ಕೆ, ಹತ್ತಿ ಬಿಡಿಸುವ ಕಾಲಕ್ಕೆ ಕಾಲೇಜು ತಪ್ಪುತ್ತಿತ್ತು. ರಾತ್ರಿ ಎಲ್ಲರ ಊಟವಾಗಿ ಪಾತ್ರೆ ತಿಕ್ಕಿದ ಮೇಲೆ ಓದು. ಕರೆಂಟು ಹೋದರೆ ಚಿಮಣಿ ಬುಡ್ಡಿ. ಇದರಲ್ಲಿ ವಿಶೇಷವೇನೂ ಇಲ್ಲ. ಓದುವ ಗೆಳತಿಯರಲ್ಲಿ ಎಷ್ಟೋ ಜನ “ಇದು ನಮ್ಮ ಮನೆಯ ಕತೆಯೇ” ಅಂದುಕೊಳ್ಳುತ್ತಿರಬಹುದು.

ನಮ್ಮ ಮನೆಯಲ್ಲಿ ಆಯಿ ಇದ್ದಳು. ನನ್ನ ಅತ್ತೆಯ ಅತ್ತೆ. ಎಪ್ಪತ್ತು ದಾಟಿದ ಜೀವ. ನಾನು ಇತಿಹಾಸ ವಿಷಯ ತೆಗೆದುಕೊಂಡಿದ್ದೆ. ಒಂದು ರಾತ್ರಿ ಸಮಾಜ ಸುಧಾರಣೆಯ ಪಾಠವನ್ನು ಬಾಯಿಪಾಠ ಮಾಡುತ್ತ “1929, ಶಾರದಾ ಕಾಯ್ದೆ, ಹುಡುಗಿಯರಿಗೆ ಹದಿನಾಲ್ಕು, ಹುಡುಗರಿಗೆ ಹದಿನೆಂಟು” ಎಂದು ಗುನುಗುತ್ತಿದ್ದೆ. ಕೌದಿಯ ಒಳಗಿಂದ ಆಯಿ ಎದ್ದು ಕೂತಳು. “ಏನಂದಿ? ಸಾರಡಾ ಕಾಯ್ದೆ? ನಂದು ಲಗ್ನ ಆಗಿದ್ದ ಅದರ ಸಲುವಾಗಿ” ಎಂದಳು.

ಎರಡು ಅಂಕದ ಪ್ರಶ್ನೆಯೊಂದು ಎದ್ದು ಕೂತು ಮಾತಾಡಿದ ಹಾಗೆ ನನಗಾಯಿತು.

ಅಜಮೇರದ ಹರ್ ಬಿಲಾಸ್ ಶಾರದಾ ಎಂಬವರು 1927ರಲ್ಲಿ ದೆಹಲಿಯ ಶಾಸನಸಭೆಯಲ್ಲಿ ಆ ಮಸೂದೆ ತಂದರು. ಸರಕಾರ ಮೋರೋಪಂತ ಜೋಶಿಯವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಅದರಲ್ಲಿ ರಾಮೇಶ್ವರಿ ನೆಹರೂ ಸದಸ್ಯೆಯಾಗಿದ್ದರು. 1929ರ ಸೆಪ್ಟೆಂಬರಿನಲ್ಲಿ ಮಸೂದೆ ಪಾಸಾಯಿತು. ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ಈ ನಡುವಿನ ಆರು ತಿಂಗಳಲ್ಲಿ ದೇಶದ ತುಂಬ ಏನಾಯಿತು ಎಂಬುದು ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಕಾಯ್ದೆ ಬರುವ ಮೊದಲೇ ಮುಗಿಸಿಬಿಡೋಣ ಎಂದು ತಾಯಿತಂದೆಗಳು ಗಡಿಬಿಡಿ ಮಾಡಿ ಮಕ್ಕಳ ಲಗ್ನ ಮಾಡಿದರು. 1931ರ ಜನಗಣತಿಯಲ್ಲಿ ಹದಿನೈದರ ಒಳಗಿನ ಹೆಂಡಂದಿರ ಸಂಖ್ಯೆ ಹಿಂದಿನ ಗಣತಿಗಿಂತ ಇಳಿಯುವ ಬದಲು ಬಹಳಷ್ಟು ಏರಿತ್ತು. ಆ ಲೆಕ್ಕದಲ್ಲಿ ನಮ್ಮ ಆಯಿಯೂ ಒಬ್ಬಳು. ಆಗ ಅವಳಿಗೆ ಒಂಬತ್ತೋ ಹತ್ತೋ. ಗಂವಟಿ ಸಾಲೆಯಲ್ಲಿ ಎರಡನೆಯ ಇಯತ್ತೆ ಓದುತ್ತಿದ್ದಳಂತೆ. “ಸಾಲಿಗೆ ಹೋಗಿ ಬಂದೆ. ಚಪ್ಪರ ಹಾಕಿದ್ರು. ಯಾರದು ಲಗ್ನ ಅಂತ ಕೇಳಿದೆ. ನಂದ ಅಂತ!” ಎಂದು ಅವಳು ನಕ್ಕು ಹೇಳಿದಳು. ಮೂರು ವರ್ಷ ತವರಿನಲ್ಲೇ ಇದ್ದು ಆಮೇಲೆ ಸವಡಿಗೆ ಬಂದಳು.

“ಪಾಟಿ?” ಎಂದು ನಾನು ಕೇಳಿದೆ.

“ಪಾಟಿ ಸಂಗಾಟ ತಂದಿದ್ದೆ. ಕಟ್ಟಿಗಿ ಚೌಕಟ್ಟು ಒಲಿಗೆ ಹೋತು. ಕಲ್ಲು ಉಪ್ಪಿನ ಗಡಿಗಿ ಮ್ಯಾಲ ಐತೆಲ್ಲ, ನೀ ದಿನಾ ತಗೀತಿ.”

ಹೌದು. ನಾನು ದಿನಾ ತೆಗೆದು ಮುಚ್ಚುತ್ತಿದ್ದ ಕಪ್ಪು ಕಲ್ಲಿನ ಬಿಲ್ಲೆ ಅದು. ಒಂದು ಮೂಲೆ ಒಡೆದಿತ್ತು. ಅಂಚಿನಲ್ಲಿ ಸಾಲುಗೀರಿನ ಗುರುತು ಇನ್ನೂ ಇತ್ತು. ಅದು ಪಾಟಿ ಎಂದು ನನಗೆ ಹೊಳೆದೇ ಇರಲಿಲ್ಲ.

ಆ ಕಾಯ್ದೆಯನ್ನು ಮುಂದೆ ಓದಿದಾಗ ಅದರ ಹಲ್ಲು ಎಷ್ಟು ಮೊಂಡು ಎಂಬುದು ತಿಳಿಯಿತು. ಮಗುವನ್ನು ಮದುವೆಯಾದ ವಯಸ್ಕ ಗಂಡಿಗೆ ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ ಅಥವಾ ಒಂದು ಸಾವಿರ ರೂಪಾಯಿ ದಂಡ. ದೂರು ಕೊಡುವವನೇ ನೂರು ರೂಪಾಯಿಯವರೆಗೆ ಮುಚ್ಚಳಿಕೆ ಬರೆದುಕೊಡಬೇಕಾಗಿತ್ತು. ಪಕ್ಕದ ಮನೆಯ ಕೂಸಿನ ಸಲುವಾಗಿ ನೂರು ರೂಪಾಯಿಗೆ ಸಹಿ ಹಾಕುವವರು ಯಾರು? ಇನ್ನೂ ದೊಡ್ಡ ತೊಡಕು ಬೇರೆಯೇ ಇತ್ತು: ಹುಡುಗಿಗೆ ವಯಸ್ಸೆಷ್ಟು ಎಂದು ಹೇಳುವವರು ಯಾರು? ಹುಟ್ಟಿದ ದಿನ ಬರೆದಿಟ್ಟವರಿಲ್ಲ. ಕಾಯ್ದೆ ಎಣಿಸಿದ್ದು ವರ್ಷಗಳನ್ನು. ಊರು ಎಣಿಸಿದ್ದು ಮೈಯನ್ನು, ಮುಖವನ್ನು. ಆಯಿ ಒಂಬತ್ತಕ್ಕೇ ಹನ್ನೆರಡರವಳಂತೆ ಬೆಳೆದಿದ್ದಳಂತೆ. “ಎಷ್ಟು ಎತ್ತರ ಆಗ್ಯಾಳ, ಇನ್ನ ಮನ್ಯಾಗ ಇಟಗೋಬ್ಯಾಡ್ರಿ ಅಂದ್ರು” ಎಂದು ಅವಳು ಹೇಳುವಳು. ದೊಡ್ಡದಾಗಿ ಕಂಡದ್ದು ಅವಳ ತಪ್ಪು. ಸಣ್ಣದಾಗಿ ಕಂಡದ್ದು ನನ್ನದು.

ಇನ್ನು ನನ್ನ ವಯಸ್ಸಿನ ಮಾತು. ನಮ್ಮ ಕಡೆಯ ಹಳೆಯ ಸಾಲೆ ರಜಿಸ್ಟರುಗಳನ್ನು ತೆರೆದು ನೋಡಿದರೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಹೆಸರು ಹಚ್ಚುವ ದಿನ ಮಾಸ್ತರರು ಹುಡುಗನನ್ನೋ ಹುಡುಗಿಯನ್ನೋ ಮೇಲಿಂದ ಕೆಳಗೆ ನೋಡಿ, ಸಾಲೆ ತೆರೆಯುವ ಲೆಕ್ಕಕ್ಕೆ ಸರಿಯಾಗುವಂತೆ ಒಂದು ತಾರೀಖು ಬರೆಯುವರು. ಜನನ ಮರಣ ನೋಂದಣಿಯ ಕಾಯ್ದೆ 1969ರಲ್ಲೇ ಬಂದಿತ್ತು. ನಮ್ಮ ಹಳ್ಳಿಯ ಮನೆಗಳ ಅಭ್ಯಾಸವಾಗಲು ಇನ್ನಷ್ಟು ಕಾಲ ಹಿಡಿಯಿತು. ನನ್ನ ಪುಸ್ತಕದ ತಾರೀಖೂ ಜೂನ್ 1, 1973. ಆದರೆ ನಾನು ಹುಟ್ಟಿದ್ದು ಆ ವರ್ಷದ ಶೀಗಿಹುಣ್ಣಿಮೆಯ ಮರುದಿನ ಎಂದು ಅವ್ವ ಹೇಳುತ್ತಾಳೆ. ಮದುವೆಯ ವಯಸ್ಸು ಹೆಣ್ಣಿಗೆ 1949ರಲ್ಲಿ ಹದಿನೈದಕ್ಕೆ, 1978ರಲ್ಲಿ ಹದಿನೆಂಟಕ್ಕೆ ಏರಿತ್ತು. ನನ್ನ ಮದುವೆ 1991ರ ಜೂನ್ ಮೂರನೆಯ ವಾರದಲ್ಲಿ. ಪುಸ್ತಕದ ಪ್ರಕಾರ ಹದಿನೆಂಟು ತುಂಬಿತ್ತು, ಕಾಯ್ದೆಗೆ ಸರಿಹೋಯಿತು. ಅವ್ವನ ಲೆಕ್ಕಕ್ಕೆ ಇನ್ನೂ ನಾಲ್ಕು ತಿಂಗಳು ಕಡಿಮೆ. ಮಾಸ್ತರರ ಲೆಕ್ಕಣಿಕೆ ನನ್ನನ್ನು ದೊಡ್ಡವಳನ್ನಾಗಿ ಮಾಡಿತ್ತು, ಕಂಡಕ್ಟರನ ಕಣ್ಣು ಸಣ್ಣವಳನ್ನಾಗಿ ಮಾಡಿತು. ಇವೆರಡರ ನಡುವೆ ನಿಜವಾದ ನಾನು ಎಷ್ಟು ವಯಸ್ಸಿನವಳು ಎಂದು ಯಾರಿಗೂ ಬೇಕಾಗಿರಲಿಲ್ಲ.

ಮದುವೆಯಾಗಿಯೂ ವಿದ್ಯಾರ್ಥಿನಿ ಎಂಬ ಈ ಎರಡು ದೋಣಿಯ ಬಾಳು ನಾನೊಬ್ಬಳೇ ಬಾಳಿದ್ದಲ್ಲ ಎಂಬುದು ಕಾಲೇಜಿನ ವಾಚನಾಲಯದಲ್ಲಿ ಗೊತ್ತಾಯಿತು. ನಮ್ಮ ಧಾರವಾಡ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತಷ್ಟೆ. ಅದೇ ಪ್ರಾಂತದ ರಮಾಬಾಯಿಗೆ 1873ರಲ್ಲಿ ಹನ್ನೊಂದನೆಯ ವಯಸ್ಸಿನಲ್ಲಿ ಮೂವತ್ತೊಂದರ ಮಹಾದೇವ ಗೋವಿಂದ ರಾನಡೆಯವರೊಡನೆ ಮದುವೆಯಾಯಿತು. ಅಕ್ಷರ ಬಾರದ ಹುಡುಗಿಗೆ ಗಂಡನೇ ಅಕ್ಷರ ಕಲಿಸಿದರು. ಓದಿದ್ದು ತಪ್ಪೆಂದು ಮನೆಯ ಹೆಂಗಸರು ಆಡಿದ ಕುಹಕವನ್ನೆಲ್ಲ ಆಕೆ ನುಂಗಿಕೊಂಡರು. 1910ರಲ್ಲಿ ಅದನ್ನು ಮರಾಠಿಯಲ್ಲಿ ಆತ್ಮಕಥೆಯಾಗಿ ಬರೆದರು. ಅವರ ವಾರಿಗೆಯ ಆನಂದಿಬಾಯಿ ಜೋಶಿ ಒಂಬತ್ತಕ್ಕೆ ಮದುವೆಯಾಗಿ, ಹದಿನಾಲ್ಕಕ್ಕೆ ಹೆತ್ತ ಮಗುವನ್ನು ಹತ್ತೇ ದಿನದಲ್ಲಿ ಕಳೆದುಕೊಂಡರು. 1883ರಲ್ಲಿ ಹದಿನೆಂಟರ ಆಕೆ ಗಂಡನನ್ನು ಬಿಟ್ಟು ಒಬ್ಬಳೇ ಅಮೆರಿಕೆಗೆ ಹಡಗು ಹತ್ತಿದರು. 1886ರಲ್ಲಿ ಫಿಲಡೆಲ್ಫಿಯಾದಲ್ಲಿ ಡಾಕ್ಟರಾದರು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಹೆಂಗಸರ ವಿಭಾಗ ಅವರ ದಾರಿ ಕಾಯುತ್ತಿತ್ತು. 1887ರ ಫೆಬ್ರುವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಕ್ಷಯದಿಂದ ತೀರಿಕೊಂಡರು.

ಇವರಿಬ್ಬರೂ ಓದಿದ್ದು ಗಂಡಂದಿರ ಆಸೆಯಿಂದ. ಗಂಡನನ್ನೇ ಒಲ್ಲೆ ಎಂದು ಓದಿದವರು ರುಖ್ಮಾಬಾಯಿ. ಹನ್ನೊಂದಕ್ಕೆ ಲಗ್ನವಾದ ಆಕೆ ತವರಿನಲ್ಲೇ ಉಳಿದು ಓದಿಕೊಂಡರು. 1884ರಲ್ಲಿ ಗಂಡ ಕೋರ್ಟಿಗೆ ಹೋದ. 1887ರಲ್ಲಿ ಮುಂಬಯಿಯ ಹೈಕೋರ್ಟು ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳ ಜೈಲು ಎಂದಿತು. ಜೈಲಿಗೇ ಹೋಗುತ್ತೇನೆ ಎಂದರು ರುಖ್ಮಾಬಾಯಿ. ಕಡೆಗೆ 1888ರಲ್ಲಿ ಎರಡು ಸಾವಿರ ರೂಪಾಯಿ ಕೊಟ್ಟು ರಾಜಿಯಾಯಿತು. ಆಕೆ ಲಂಡನ್ನಿಗೆ ಹೋಗಿ 1894ರಲ್ಲಿ ಡಾಕ್ಟರಾಗಿ ಬಂದು ಸೂರತ್ತಿನಲ್ಲಿ ಬಹುಕಾಲ ಸೇವೆ ಮಾಡಿದರು. ಅದೇ 1894ರಲ್ಲಿ ಮೈಸೂರು ಸಂಸ್ಥಾನ ಎಂಟರೊಳಗಿನ ಹುಡುಗಿಯರ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯ ಕೈಹಿಡಿಯುವುದನ್ನೂ ನಿಷೇಧಿಸಿತು. ಎಂಟು! ಅದೇ ಆ ಕಾಲಕ್ಕೆ ದೊಡ್ಡ ಹೆಜ್ಜೆ. ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ ಕಂಡ ನಂಜನಗೂಡು ತಿರುಮಲಾಂಬಾ ಅಪ್ಪನ ಮನೆಯಲ್ಲೇ ಓದಿ ಬರೆದು, ಕನ್ನಡದಲ್ಲಿ ಹೆಂಗಸರಿಗಾಗಿ ಪತ್ರಿಕೆಯನ್ನೇ ನಡೆಸಿದರು.

ಆದರೆ ಇವರೆಲ್ಲರಿಗಿಂತ ನನಗೆ ಹತ್ತಿರವೆನಿಸಿದ್ದು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ರೈಲು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಹದಿನಾರಕ್ಕೆ ಗುರುರಾವ ಕೌಲಗಿಯವರ ಕೈಹಿಡಿದರು. ಮಕ್ಕಳಾದವು, ಸಂಸಾರದ ತಾಪತ್ರಯಗಳಾದವು. ಅವೆಲ್ಲ ಇದ್ದೂ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಅದೇ ಗುರುವಿನ ಮನೆಯಲ್ಲಿ ಆ ವರ್ಷಗಳಲ್ಲಿ ಇನ್ನೊಬ್ಬ ಶಿಷ್ಯನಿದ್ದ. ಅವನು ನಮ್ಮ ರೋಣದಲ್ಲಿ 1922ರಲ್ಲಿ ಹುಟ್ಟಿದವನು, ಭೀಮಸೇನ ಜೋಶಿ. ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ ಹುಡುಗ. ಮುಂದೆ ಅವರಿಗೆ ಭಾರತರತ್ನ ಬಂತು, ಗಂಗೂಬಾಯಿಯವರಿಗೆ ಪದ್ಮವಿಭೂಷಣ. ಇಬ್ಬರ ಸ್ವರಕ್ಕೂ ನಾನು ಕೈಮುಗಿಯುತ್ತೇನೆ. ಆದರೂ ಒಂದು ಮಾತು ಮನಸ್ಸಿಗೆ ಬರುತ್ತದೆ. ವಿದ್ಯೆಗಾಗಿ ಹುಡುಗ ಓಡಿಹೋಗಬಹುದಿತ್ತು. ಹೆಂಗಸು ವಿದ್ಯೆ ಕಲಿತ ಸಂಜೆಯೇ ಮನೆಗೆ ಮರಳುವ ಗಾಡಿ ಹಿಡಿಯಬೇಕಾಗಿತ್ತು. ಸಂಜೆಯ ಬಸ್ಸಿಗೆ ನಾನು ಓಡುವಾಗೆಲ್ಲ ಆ ರೈಲು ನೆನಪಾಗುತ್ತಿತ್ತು.

1992ರ ಏಪ್ರಿಲ್. ಮೊದಲನೆಯ ವರ್ಷದ ಪರೀಕ್ಷೆ, ಇತಿಹಾಸದ ಪತ್ರಿಕೆ. ಹಾಲ್‌ಟಿಕೀಟಿನ ಫೋಟೋ ಮದುವೆಯ ಮುಂಚಿನದು, ಎರಡು ಜಡೆಯದು. ಹೆಸರಿನ ಮುಂದೆ ಮಾತ್ರ ಗಂಡನ ಹೆಸರು, ಗಂಡನ ಮನೆತನ. ಹೊರಗಿನಿಂದ ಬಂದ ಮೇಲ್ವಿಚಾರಕರು ಫೋಟೋ ನೋಡಿದರು, ನನ್ನನ್ನು ನೋಡಿದರು, ಕೊರಳು ನೋಡಿದರು. “ಯಾರ ಬದ್ಲಿ ಬರ್ಯಾಕ ಬಂದಿ? ಅಕ್ಕನ ಪರೀಕ್ಷಾನೋ? ಹೈಸ್ಕೂಲ್ ಹುಡಿಗಿ ಕಂಡಂಗ ಕಾಣ್ತಿ” ಎಂದರು. ನಾನು ತಾಳಿ ಹೊರಗೆ ತೆಗೆದು ತೋರಿಸಿದೆ. ಅದು ಇನ್ನೂ ಕೆಟ್ಟದಾಯಿತು. “ಇಷ್ಟು ಸಣ್ಣಾಕಿಗೆ ಲಗ್ನ ಹೆಂಗಾತು? ಪೊಲೀಸರಿಗೆ ಹೇಳಬೇಕಾಗ್ತೈತಿ” ಎಂದರು. ಕೋಣೆಯೆಲ್ಲ ಪೆನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು. ಬಾಗಿಲ ಹೊರಗೆ ನಿಲ್ಲಿಸಿದರು. ನಮ್ಮ ಕಾಲೇಜಿನ ಅಧ್ಯಾಪಕಿಯೊಬ್ಬರು ಬಂದು “ಈಕೆ ನಮ್ಮ ವಿದ್ಯಾರ್ಥಿನಿ, ನಾನು ಬಲ್ಲೆ” ಎಂದು ಬರೆದುಕೊಟ್ಟಾಗ ನಲವತ್ತು ನಿಮಿಷ ಹೋಗಿದ್ದವು.

ಆ ನಲವತ್ತು ನಿಮಿಷ ನಾನು ಎಣಿಸುತ್ತ ನಿಂತದ್ದು ಒಂದೇ ಲೆಕ್ಕ. ಅವರು ಪೊಲೀಸರನ್ನು ಕರೆಸಿದರೆ ಪುಸ್ತಕದ ತಾರೀಖು ಹೇಳಲೋ, ಶೀಗಿಹುಣ್ಣಿಮೆ ಹೇಳಲೋ? ನಿಜ ಹೇಳಿದರೆ ಅಪ್ಪ, ಮಾವ, ಯಜಮಾನರು ಎಲ್ಲರೂ ತಪ್ಪಿತಸ್ಥರು. ಸುಳ್ಳು ಹೇಳಿದರೆ ನಾನು ಬರೆಯಬಹುದು. ಕಾಯ್ದೆ ನನ್ನನ್ನು ಕಾಯಲು ಹುಟ್ಟಿದ್ದು. ಅದು ಬಾಗಿಲಿಗೆ ಬಂದು ನಿಂತಾಗ ಅದಕ್ಕೆ ಹೆದರಿದವಳು ನಾನೇ. ಒಳಗೆ ಹೋಗಿ ಕೂತಾಗ ಕೈ ನಡುಗುತ್ತಿತ್ತು. ಎರಡು ಅಂಕದ ಪ್ರಶ್ನೆಗಳಲ್ಲಿ ಒಂದು ಶಾರದಾ ಕಾಯ್ದೆಯ ಬಗ್ಗೆಯೇ ಇತ್ತು. ಎರಡು ಸಾಲಿನಲ್ಲಿ ಬರೆದೆ, ಬೇರೆಯದಕ್ಕೆ ಹೊತ್ತಿರಲಿಲ್ಲ.

ಮನೆಗೆ ಬಂದು ಅತ್ತು ಹೇಳಿದೆ. ಅತ್ತೆ “ಸಾಕು ಬಿಡು, ನಾಕು ಮಂದ್ಯಾಗ ನಮ್ಮ ಮರ್ಯಾದಿ ಹೋಗೂದು ಬ್ಯಾಡ” ಎಂದರು. ಅವರದು ಸಿಟ್ಟಲ್ಲ, ಹೆದರಿಕೆ ಎಂದು ಈಗ ಅರ್ಥವಾಗುತ್ತದೆ. ಯಜಮಾನರು ಸುಮ್ಮನಿದ್ದರು. ಆಯಿ ಏನೂ ಮಾತಾಡಲಿಲ್ಲ. ಮರುದಿನ ನಸುಕಿನಲ್ಲಿ ನಾನು ಎದ್ದಾಗ ಒಲೆ ಹೊತ್ತಿತ್ತು. ಬೆನ್ನು ಬಾಗಿದ ಮುದುಕಿ ಕೊಣಮಿಗೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. “ಇನ್ನ ಎಷ್ಟು ಪೇಪರ ಅದಾವ?” ಎಂದು ಕೇಳಿದಳು. “ನಾಕು” ಎಂದೆ. “ನಾಕು ದಿನ ನಾ ಬಡೀತೀನಿ. ಹೋಗಿ ಓದ್ಕೋ” ಎಂದಳು. ಅತ್ತೆಯೂ ಎದ್ದು ಬಂದು ಮಾತಿಲ್ಲದೆ ಹಿಟ್ಟು ನಾದಲು ಕೂತರು. ಆಮೇಲೆ ನಮ್ಮ ಮನೆಯಲ್ಲಿ ಕಾಲೇಜು ಬಿಡಿಸುವ ಮಾತು ಬರಲಿಲ್ಲ.

ಕೊನೆಯ ವರ್ಷದ ಪರೀಕ್ಷೆಯನ್ನು 1994ರಲ್ಲಿ ಏಳು ತಿಂಗಳ ಬಸುರಿಯಾಗಿ ಬರೆದೆ. ಆಗ ನನ್ನ ಗುರುತನ್ನು ಯಾರೂ ಕೇಳಲಿಲ್ಲ. ಮುಖ ಅದೇ ಇತ್ತು. ಆದರೆ ಮುಖ ನೋಡುವವರು ಯಾರೂ ಇರಲಿಲ್ಲ.

ಮದುವೆಯಿಂದ ಓದು ನಿಂತವರಿಗಾಗಿ ಸರಕಾರ ಏನೂ ಮಾಡಲಿಲ್ಲವೆಂದಲ್ಲ. ಎಂಟಕ್ಕೆ ಮದುವೆಯಾಗಿ, ಹದಿನೈದಕ್ಕೆ ಆ ಮದುವೆಯನ್ನು ಒಲ್ಲೆನೆಂದು, ಓದಿ ವಕೀಲೆಯಾದ ದುರ್ಗಾಬಾಯಿ ದೇಶಮುಖರು 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯಾದರು. ಸಾಲೆ ಬಿಟ್ಟ ಹೆಂಗಸರು ಕಡಿಮೆ ಅವಧಿಯಲ್ಲಿ ಪರೀಕ್ಷೆಗೆ ಕೂಡಲು 1958ರಲ್ಲಿ ಮಂಡಳಿಯಿಂದ ಸಂಕ್ಷಿಪ್ತ ಶಿಕ್ಷಣದ ಯೋಜನೆ ಶುರುವಾಯಿತು. ತಾನು ದಾಟಿದ ಹೊಳೆಗೆ ಹಿಂದೆ ಬರುವವರಿಗಾಗಿ ಸಂಕ ಹಾಕಿದ ಹಾಗೆ. ಹಳೆಯ ಶಾರದಾ ಕಾಯ್ದೆಯ ಜಾಗದಲ್ಲಿ 2006ರ ಕಾಯ್ದೆ ಬಂತು. ಕರ್ನಾಟಕವು 2016ರ ತಿದ್ದುಪಡಿಯಿಂದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದಿತು. ಹೆಣ್ಣಿನ ವಯಸ್ಸನ್ನು ಇಪ್ಪತ್ತೊಂದಕ್ಕೆ ಏರಿಸುವ ಮಸೂದೆ 2021ರಲ್ಲಿ ಲೋಕಸಭೆಗೆ ಬಂದು, 2024ರಲ್ಲಿ ಆ ಸಭೆಯೊಡನೆಯೇ ಬಿದ್ದುಹೋಯಿತು. ದೇಶದಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕರ ಹೆಣ್ಣುಮಕ್ಕಳಲ್ಲಿ ಹದಿನೆಂಟರೊಳಗೆ ಮದುವೆಯಾದವರು 2005-06ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 47 ಇದ್ದರು, 2019-21ರಲ್ಲಿ 23. ಅರ್ಧಕ್ಕೆ ಇಳಿಯಿತೆಂದು ಸಂತೋಷಪಡುತ್ತೇನೆ. ಆದರೆ ನಾಲ್ವರಲ್ಲಿ ಒಬ್ಬಳು ಎಂದರೆ ಒಂದು ಬೆಂಚಿಗೆ ಒಬ್ಬಳಲ್ಲವೇ ಎಂದು ಮತ್ತೆ ಎಣಿಸುತ್ತೇನೆ. ನನ್ನಂತೆ ಪುಸ್ತಕದ ಲೆಕ್ಕದಲ್ಲಿ ದೊಡ್ಡವರಾದವರು ಈ ಲೆಕ್ಕಕ್ಕೆ ಸಿಕ್ಕಿದ್ದಾರೋ ಇಲ್ಲವೋ.

2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲ. ಅರ್ಧವೋ ಪೂರ್ತಿಯೋ ಎಂಬ ಪ್ರಶ್ನೆಯೂ ಇಲ್ಲ. ಮೊನ್ನೆ ರೋಣದ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗಿ ಕೂತಿದ್ದಳು. ಸಣ್ಣ ಮುಖ, ಕೊರಳಲ್ಲಿ ಕರಿಮಣಿ, ತೊಡೆಯ ಮೇಲೆ ಪುಸ್ತಕ. “ವಯಸ್ಸೆಷ್ಟವಾ?” ಎಂದು ಕೇಳಲು ನಾಲಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ. “ಪರೀಕ್ಷಾ ಯಾವಾಗ?” ಎಂದು ಕೇಳಿದೆ. ಅವಳು ಮುಖ ಅರಳಿಸಿ ತಾರೀಖು ಹೇಳಿದಳು.

ಆಯಿ ತೀರಿಕೊಂಡು ಬಹಳ ವರ್ಷಗಳಾದವು. ಉಪ್ಪಿನ ಗಡಿಗೆ ಹೋಗಿ ಪ್ಲಾಸ್ಟಿಕ್ ಡಬ್ಬಿ ಬಂದಿದೆ. ಪಾಟಿಯ ಕಲ್ಲನ್ನು ನಾನು ತೊಳೆದು ನನ್ನ ಪುಸ್ತಕಗಳ ಜೊತೆ ಇಟ್ಟುಕೊಂಡಿದ್ದೇನೆ. ಅರವತ್ತು ವರ್ಷ ಉಪ್ಪು ಕುಡಿದ ಕಲ್ಲು. ಮಳೆಗಾಲದಲ್ಲಿ ಇನ್ನೂ ಬೆವರುತ್ತದೆ.